ವಾದ್ಯ ಮುಟ್ಟಲಾಗದ ದಿನಗಳಲ್ಲಿ ಸಾಧನೆ ಉಳಿಸಿಕೊಳ್ಳುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ದಾವಣಗೆರೆಯಲ್ಲಿ ಸಂಗೀತ ಕಲಿಯುವವರ ಪಾಠ ನಿಂತುಹೋಗಲು ಕಾರಣಗಳು ಬಹಳ ಇಲ್ಲ. ಬೈಕ್ ಜಾರಿ ಮಣಿಕಟ್ಟಿಗೆ ಪ್ಲಾಸ್ಟರ್ ಬೀಳುತ್ತದೆ. ಪಿಯುಸಿಗೆಂದು ಹಾಸ್ಟೆಲ್ ಸೇರಿದ ಹುಡುಗಿಯ ವೀಣೆ ಹಳ್ಳಿಯ ಮನೆಯಲ್ಲೇ ಉಳಿಯುತ್ತದೆ. ಮನೆಯಲ್ಲಿ ಸೂತಕ, ಬಾಣಂತನ ಅಥವಾ ಹಾಸಿಗೆ ಹಿಡಿದ ಹಿರಿಯರು ಇದ್ದಾಗ ಪೆಟ್ಟಿಗೆ ತೆರೆಯಲು ಮನಸ್ಸು ಬರುವುದಿಲ್ಲ. ಹಾರ್ಮೋನಿಯಂ ರಿಪೇರಿಗೆ ಹೋಗಿ ತಿಂಗಳಾದರೂ ಮರಳುವುದಿಲ್ಲ. ಹೀಗೆ ನಿಂತವರಲ್ಲಿ ಎಷ್ಟೋ ಮಂದಿ ಮತ್ತೆ ಶುರು ಮಾಡುವುದೇ ಇಲ್ಲ ಎಂಬುದು ಕಲಿಸುವವಳಾಗಿ ನನ್ನನ್ನು ಕಾಡುವ ವಿಷಯ. ಕೈ ಹೋಯಿತು, ಇನ್ನು ಮೊದಲಿನಿಂದ ಕಲಿಯಬೇಕು ಎಂಬ ಭಯವೇ ಅವರನ್ನು ದೂರ ಇಡುತ್ತದೆ.

ಆ ಭಯಕ್ಕೆ ಆಧಾರ ಕಡಿಮೆ. ಬೆರಳಿನ ವೇಗ, ಬೆರಳ ತುದಿಯ ಗಟ್ಟಿತನ, ತುಟಿಯ ಹಿಡಿತ ಇವು ಕುಗ್ಗುತ್ತವೆ, ನಿಜ. ಆದರೆ ಶ್ರುತಿಜ್ಞಾನ, ಲಯ, ರಾಗದ ನಡೆ, ಬಾಯಿಪಾಠ ಇವು ವಾದ್ಯದ ಒಳಗೆ ಇರುವುದಿಲ್ಲ. ದಿನವೂ ನುಡಿಸುವವರು ಹೆಚ್ಚಾಗಿ ಅಲಕ್ಷಿಸುವುದೂ ಇವನ್ನೇ. ಏಕೆಂದರೆ ವಾದ್ಯ ಕೈಯಲ್ಲಿದ್ದಾಗ ಬೆರಳು ತಾನೇ ಓಡುತ್ತದೆ, ಕಿವಿ ಅದರ ಹಿಂದೆ ನಡೆಯುತ್ತದೆ. ಬಿಡುವು ಬಂದಾಗ ಕಿವಿಯನ್ನು ಮುಂದೆ ತರಲು ಅವಕಾಶವಾಗುತ್ತದೆ. ಕೆಳಗಿನ ಹಂತಗಳೆಲ್ಲ ಆ ಉದ್ದೇಶಕ್ಕಾಗಿ ಇವೆ. ಹಿಂದೂಸ್ತಾನಿ, ಕರ್ನಾಟಕಿ ಎರಡನ್ನೂ ಕಲಿಯುವವರು ನಮ್ಮ ಜಿಲ್ಲೆಗಳಲ್ಲಿ ಇರುವುದರಿಂದ ಎರಡರ ಮಾತನ್ನೂ ಬಳಸಿದ್ದೇನೆ.

ಹಂತ 1: ಏನು ನಿಂತಿದೆ, ಏನು ನಿಂತಿಲ್ಲ ಎಂದು ಗುರುತಿಸಿಕೊಳ್ಳಿ

ಕೈಗೆ ಪೆಟ್ಟಾಗಿದೆಯೇ, ಕೈ ಸರಿಯಿದ್ದು ವಾದ್ಯವಿಲ್ಲವೇ, ವಾದ್ಯವೂ ಇದ್ದು ಸದ್ದು ಮಾಡುವಂತಿಲ್ಲವೇ? ಈ ಮೂರಕ್ಕೂ ಅಭ್ಯಾಸ ಬೇರೆ ಬೇರೆ.

ಕೈಗೆ ಪೆಟ್ಟಾಗಿದ್ದರೆ ಮೂಳೆ ವೈದ್ಯರ ಬಳಿ ‘ನಾನು ತಬಲಾ ನುಡಿಸುತ್ತೇನೆ’ ಎಂದಷ್ಟೇ ಹೇಳಿದರೆ ಸಾಲದು. ಮಣಿಕಟ್ಟನ್ನು ಹೇಗೆ ಊರುತ್ತೀರಿ, ಯಾವ ಬೆರಳಿಗೆ ಪೆಟ್ಟು ಬೀಳುತ್ತದೆ, ದಿನಕ್ಕೆ ಎಷ್ಟು ಹೊತ್ತು ಎಂಬುದನ್ನು ಅವರ ಮೇಜಿನ ಮೇಲೆಯೇ ಮಾಡಿ ತೋರಿಸಿ. ಪಿಟೀಲಿನವರು ಎಡಗೈ ತಿರುವನ್ನೂ ವೀಣೆಯವರು ತಂತಿ ಎಳೆಯುವ ಬಲವನ್ನೂ ವಿವರಿಸಿ. ನಂತರ ಎರಡು ಪ್ರಶ್ನೆ ಕೇಳಿ: ಪ್ಲಾಸ್ಟರ್‌ನಿಂದ ಹೊರಗಿರುವ ಬೆರಳುಗಳನ್ನು ಈಗಲೇ ಆಡಿಸಬಹುದೇ? ವಾದ್ಯ ಹಿಡಿಯುವ ಮೊದಲು ಫಿಸಿಯೋಥೆರಪಿ ಬೇಕೇ? ಉತ್ತರ ಬರೆದಿಟ್ಟುಕೊಳ್ಳಿ. ಅವರು ಅನುಮತಿ ಕೊಡುವ ತನಕ ಪೆಟ್ಟಾದ ಕೈಯಿಂದ ಗಾಳಿಯಲ್ಲಿ ನುಡಿಸಿದಂತೆ ಮಾಡುವುದನ್ನೂ ಬಿಡಬೇಕು.

ಒಂದು ಕೈ ಚೆನ್ನಾಗಿದ್ದರೆ ಅದಕ್ಕೆ ಕೆಲಸ ಕೊಡಿ. ಬಲಗೈಗೆ ಪೆಟ್ಟಾದ ತಬಲಾ ವಿದ್ಯಾರ್ಥಿಗೆ ಎಡಗೈಯಲ್ಲಿ ನುಡಿಸುವ ಡಗ್ಗಾ ಒಂದನ್ನೇ ಸಾಧಿಸಲು ಇಂಥ ಸಮಯ ಮತ್ತೆ ಸಿಗುವುದಿಲ್ಲ. ಅಂಗೈ ಬುಡವನ್ನು ಜಾರಿಸಿ ಗುಮ್ಕಿ ತರುವುದನ್ನು ಹೆಚ್ಚಿನವರು ಅರೆಬರೆ ಕಲಿತು ಮುಂದೆ ಹೋಗಿರುತ್ತಾರೆ.

ಹಂತ 2: ವಾದ್ಯವನ್ನು ಸರಿಯಾಗಿ ಎತ್ತಿಡಿ

ಮರಳಿ ಬಂದಾಗ ವಾದ್ಯ ಕೆಟ್ಟಿದ್ದರೆ ಅರ್ಧ ಉತ್ಸಾಹ ಅಲ್ಲಿಯೇ ಹೋಗುತ್ತದೆ. ಮಾರ್ಚ್‌ನಿಂದ ಮೇ ತನಕ ದಾವಣಗೆರೆ, ಚಿತ್ರದುರ್ಗದ ಬಿಸಿಲು ವಾದ್ಯಗಳಿಗೆ ಶತ್ರು. ವೀಣೆಯ ಮೆಟ್ಟುಗಳು (ಸ್ವರಸ್ಥಾನದ ಅಡ್ಡಪಟ್ಟಿಗಳು) ಕೂರುವುದು ಮೇಣದ ಮೇಲೆ. ಶೀಟಿನ ಮನೆಯಲ್ಲಿ, ಪಶ್ಚಿಮದ ಕಿಟಕಿಯ ಬಳಿ ಇಟ್ಟರೆ ಮೇಣ ಮೆತ್ತಗಾಗಿ ಮೆಟ್ಟುಗಳು ಸರಿಯುತ್ತವೆ, ಮತ್ತೆ ಮೇಳ ಕಟ್ಟಿಸಬೇಕಾಗುತ್ತದೆ. ಮನೆಯ ಅತ್ಯಂತ ತಂಪಾದ ಒಳಗೋಡೆಯ ಬದಿಯಲ್ಲಿ, ಬಟ್ಟೆ ಹೊದಿಸಿ ಇಡಿ.

ಪಿಟೀಲಿನ ಕಮಾನಿನ ಕೂದಲನ್ನು ಸಡಿಲಿಸಿ. ಆದರೆ ನಾಲ್ಕೂ ತಂತಿಗಳನ್ನು ಪೂರ್ತಿ ಬಿಚ್ಚಬೇಡಿ. ಒಳಗೆ ಮೇಲಿನ ಹಲಗೆಗೆ ಆಸರೆಯಾಗಿ ನಿಂತಿರುವ ಸಣ್ಣ ಕಡ್ಡಿಯನ್ನು ಹಿಡಿದಿಡುವುದು ತಂತಿಗಳ ಒತ್ತಡವೇ. ಒತ್ತಡ ಹೋದರೆ ಅದು ಬೀಳಬಹುದು, ತಂತಿಗಳನ್ನು ಹೊತ್ತ ಕುದುರೆಯೂ ಬೀಳುತ್ತದೆ. ಹಾರ್ಮೋನಿಯಂನ ತಿದಿಗೆ ಇಲಿ, ಜಿರಲೆಗಳ ಕಾಟ ಇರುವುದರಿಂದ ಪೆಟ್ಟಿಗೆ ಮುಚ್ಚಿ ನೆಲದಿಂದ ಎತ್ತರದಲ್ಲಿಡಿ. ಮನೆಯವರು ಯಾರಾದರೂ ವಾರಕ್ಕೊಮ್ಮೆ ತಿದಿ ಒತ್ತಿ ಎಲ್ಲ ಮನೆಗಳನ್ನೂ ಒಮ್ಮೆ ನುಡಿಸಿದರೆ ಒಳ್ಳೆಯದು. ಕೊಳಲಿಗೆ ಒಣ ಬಿಸಿ ಆಗದು, ಬಿದಿರು ಸೀಳುತ್ತದೆ. ತಬಲಾಕ್ಕೆ ಹೊದಿಕೆ ಇರಲಿ, ಮಳೆಗಾಲದ ತೇವ ತಾಗದಿರಲಿ.

ಹಾಗೆಂದು ಅಟ್ಟದ ಮೇಲೆ ಮಾತ್ರ ಹಾಕಬೇಡಿ. ಬಿಸಿಯ ವಿಷಯ ಒಂದು ಕಡೆಯಿರಲಿ, ಕಣ್ಣಿಗೆ ಬೀಳುವ ವಾದ್ಯಕ್ಕೆ ಕೈ ಬೇಗ ಮರಳುತ್ತದೆ.

ಹಂತ 3: ಬಾಯಿಂದ ಹಾಡಿ

ಈ ಬರಹದಲ್ಲಿ ಒಂದೇ ಹಂತ ಅನುಸರಿಸಲು ಸಾಧ್ಯ ಎನ್ನುವವರು ಇದನ್ನೇ ಹಿಡಿಯಿರಿ. ನಮ್ಮ ಎರಡೂ ಪದ್ಧತಿಗಳಲ್ಲಿ ವಾದ್ಯ ಸಂಗೀತದ ಮೂಲ ಗಾಯನವೇ. ಹಾಡಲು ಬಾರದ ಸ್ವರವನ್ನು ಬೆರಳು ನುಡಿಸಿದರೂ ಅದು ನಿಮ್ಮದಾಗಿರುವುದಿಲ್ಲ. ‘ನನಗೆ ಕಂಠವಿಲ್ಲ’ ಎಂಬ ಮಾತು ಇಲ್ಲಿ ಬೇಡ. ಕಛೇರಿಗೆ ಹಾಡುತ್ತಿಲ್ಲ, ಸ್ವರ ನಿಲ್ಲಿಸುವುದನ್ನು ಕಲಿಯುತ್ತಿದ್ದೀರಿ.

ಮೊಬೈಲಿನಲ್ಲಿ ತಂಬೂರಿ ಆ್ಯಪ್ ಹಾಕಿಕೊಳ್ಳಿ, ಇಲ್ಲವೇ ಶ್ರುತಿ ಪೆಟ್ಟಿಗೆ ಇರಲಿ. ನಿಮ್ಮ ವಾದ್ಯದ ಶ್ರುತಿಗೆ ಗಂಟಲು ಏಳದಿದ್ದರೆ ಹಟ ಮಾಡಬೇಡಿ. ಗಂಡಸರಲ್ಲಿ ಅನೇಕರಿಗೆ ಕರಿ ಒಂದರ ಆಸುಪಾಸು, ಅಂದರೆ ಕರ್ನಾಟಕಿಯವರು ಒಂದೂವರೆ ಮನೆ ಎನ್ನುವ ಶ್ರುತಿ ಒಗ್ಗುತ್ತದೆ. ಹೆಂಗಸರ ಶ್ರುತಿ ಸಾಮಾನ್ಯವಾಗಿ ಅದಕ್ಕಿಂತ ಸಾಕಷ್ಟು ಮೇಲಿರುತ್ತದೆ. ಮಂದ್ರ ಪಂಚಮದಿಂದ ತಾರ ಷಡ್ಜದ ತನಕ ಎಳೆಯದೆ ಹೋಗಿ ಬರುವಂತಿದ್ದರೆ ಆ ಶ್ರುತಿ ಸಾಕು.

ಮೊದಲು ಷಡ್ಜ. ತಂಬೂರಿಯ ನಾದದಲ್ಲಿ ನಿಮ್ಮ ದನಿ ಬೇರೆಯಾಗಿ ಕೇಳದಷ್ಟು ಬೆರೆಯುವವರೆಗೆ ನಿಲ್ಲಿಸಿ. ಬಳಿಕ ಪಂಚಮ, ಮೇಲಿನ ಷಡ್ಜ. ಈ ಮೂರು ಗಟ್ಟಿಯಾದ ಮೇಲೆ ಗಾಂಧಾರ, ಧೈವತಗಳಿಗೆ ಹೋಗಿ. ಕರ್ನಾಟಕಿಯವರು ಮಾಯಾಮಾಳವಗೌಳದ ಸರಳಿ, ಜಂಟಿ ವರಿಸೆಗಳನ್ನೂ ಹಿಂದೂಸ್ತಾನಿಯವರು ತಮಗೆ ಬರುವ ಪಲ್ಟೆಗಳನ್ನೂ (ಸ್ವರಗಳ ಏರಿಳಿತದ ಪಾಠ) ನಿಧಾನವಾಗಿ ಹಾಡಿ.

ಇನ್ನು ಸ್ವಲ್ಪ ಕಷ್ಟದ ಅಭ್ಯಾಸ. ತಂಬೂರಿಯ ಸದ್ದನ್ನು ಪೂರ್ತಿ ತಗ್ಗಿಸಿ ಒಂದು ಅಲಂಕಾರವನ್ನು ಹಾಡಿ ಷಡ್ಜಕ್ಕೆ ಬಂದು ನಿಲ್ಲಿ. ಆಗ ಸದ್ದು ಏರಿಸಿ. ಷಡ್ಜ ಮೇಲಕ್ಕೆ ಹೋಗಿದೆಯೇ, ಕೆಳಕ್ಕೆ ಇಳಿದಿದೆಯೇ? ಹಾರ್ಮೋನಿಯಂನವರಿಗೆ ಇದು ತುಂಬಾ ಅಗತ್ಯ. ಸ್ವರವನ್ನು ಪೆಟ್ಟಿಗೆಯೇ ಕೊಡುವುದರಿಂದ ಅವರ ಕಿವಿ ಸ್ವರ ಹುಡುಕುವ ಶ್ರಮವನ್ನೇ ಪಟ್ಟಿರುವುದಿಲ್ಲ. ಮುಂದಿನ ಮೆಟ್ಟಿಲು ಸ್ವರ ಜಿಗಿತ: ಸ–ಗ, ಸ–ಮ, ರಿ–ಪ, ಗ–ನಿ ಎಂದು ಚೀಟಿಗಳಲ್ಲಿ ಬರೆದು ಡಬ್ಬಿಗೆ ಹಾಕಿ, ಎತ್ತಿದ ಚೀಟಿಯ ಜಿಗಿತವನ್ನು ಹಾಡಿ. ಮನೆಯ ಮಕ್ಕಳು ಚೀಟಿ ಎತ್ತಿಕೊಡಲು ಸಂತೋಷದಿಂದ ಬರುತ್ತಾರೆ.

ಕೊನೆಗೆ ನೀವು ವಾದ್ಯದಲ್ಲಿ ಕಲಿತಿರುವ ಗತ್ತು (ವಾದ್ಯದ ರಚನೆ), ವರ್ಣ, ಕೃತಿ ಅಥವಾ ವಚನದ ಧಾಟಿಯನ್ನು ಸ್ವರ ಹೇಳುತ್ತ ಹಾಡಿ. ಬೆರಳಿಗೆ ಚೆನ್ನಾಗಿ ಬರುತ್ತಿದ್ದ ಸಾಲು ಬಾಯಿಗೆ ಬರದೆ ತಡವರಿಸಿದರೆ ಆ ಜಾಗಕ್ಕೆ ಗುರುತು ಹಾಕಿ. ಅದು ಬರಿಯ ಬೆರಳಿನ ನೆನಪಾಗಿತ್ತು, ಕಿವಿಗೆ ಇಳಿದಿರಲಿಲ್ಲ.

ಸೂತಕದ ಮನೆಯಲ್ಲಿ, ಹಾಸ್ಟೆಲ್ ಕೋಣೆಯಲ್ಲಿ ಹಾಡಲಾಗದು. ಅಂಥ ಕಡೆ ಒಂದು ಕಿವಿಗೆ ಇಯರ್‌ಫೋನ್ ಹಾಕಿ ತಂಬೂರಿ ಕೇಳುತ್ತ, ಬಾಯಿ ಮುಚ್ಚಿ ಮನಸ್ಸಿನಲ್ಲಿಯೇ ಹಾಡಿಕೊಳ್ಳಿ. ದಾವಣಗೆರೆಯ ಕುಂದವಾಡ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆಗೆ ಹೋಗುವವರು ಮೆಲ್ಲಗೆ ಬಾಯಿಬಿಟ್ಟೂ ಹಾಡಬಹುದು. ಚಿತ್ರದುರ್ಗದವರಿಗೆ ಚಂದ್ರವಳ್ಳಿಯ ಬಂಡೆಗಳಿವೆ.

ಹಂತ 4: ಲಯವನ್ನು ಕೈಬಿಡಬೇಡಿ

ತಾಳಕ್ಕೆ ಒಂದು ಕೈ, ಒಂದು ತೊಡೆ ಸಾಕು. ಬಲಗೈ ಕಟ್ಟಿದ್ದರೆ ಎಡಗೈಯಲ್ಲಿ ಹಾಕಿ. ಆದಿತಾಳದವರು ಲಘುವಿನ 4 ಅಕ್ಷರ, ಎರಡು ದ್ರುತಗಳ 4 ಅಕ್ಷರ, ಒಟ್ಟು 8ನ್ನು ಬೆರಳೆಣಿಸುತ್ತ ಹಾಕಲಿ. ತೀನ್‌ತಾಲದವರು ಠೇಕಾವನ್ನು, ಅಂದರೆ ತಾಳದ ಮೂಲ ತಬಲಾ ಅಕ್ಷರಗಳನ್ನು, ಬಾಯಿಯಲ್ಲಿ ಹೇಳಲಿ:

ಧಾ ಧಿಂ ಧಿಂ ಧಾ | ಧಾ ಧಿಂ ಧಿಂ ಧಾ | ಧಾ ತಿಂ ತಿಂ ತಾ | ತಾ ಧಿಂ ಧಿಂ ಧಾ

16 ಮಾತ್ರೆ, 9ನೆಯದು ಖಾಲಿ, ಅಂದರೆ ಚಪ್ಪಾಳೆ ಬೀಳದ ಮಾತ್ರೆ. ಖಾಲಿ ಬಂದದ್ದು ಲೆಕ್ಕ ಹಾಕದೆ ಗೊತ್ತಾಗಬೇಕು. ನಂತರ ಕೈತಾಳ ಅದೇ ವೇಗದಲ್ಲಿರಲಿ, ಬಾಯಿ ಮಾತ್ರ ಇಮ್ಮಡಿ ವೇಗದ ದುಗುನ್‌ಗೆ, ಅಲ್ಲಿಂದ ಮುಮ್ಮಡಿಯ ತಿಗುನ್‌ಗೆ, ನಾಲ್ಮಡಿಯ ಚೌಗುನ್‌ಗೆ ಹೋಗಿ ಮರಳಲಿ. ತಿಗುನ್‌ನಲ್ಲಿ ಬಹುತೇಕ ಎಲ್ಲರೂ ಜಾರುತ್ತಾರೆ, ಅದಕ್ಕೇ ಹೆಚ್ಚು ಸಮಯ ಕೊಡಿ. ಹಿಂದೂಸ್ತಾನಿಯ 7 ಮಾತ್ರೆಯ ರೂಪಕವನ್ನೂ (ತಿಂ ತಿಂ ನಾ | ಧಿಂ ನಾ | ಧಿಂ ನಾ) ಕರ್ನಾಟಕಿಯ ಮಿಶ್ರಛಾಪುವನ್ನೂ ಇದೇ ರೀತಿ ರೂಢಿ ಮಾಡಿ.

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿಲೋಮೀಟರ್. ಬಸ್ಸಿನಲ್ಲಿ ಸೀಟು ಸಿಕ್ಕರೆ ಇಡೀ ದಾರಿ ತಾಳಕ್ಕೆ ಸಲ್ಲುತ್ತದೆ. ಎಂಜಿನ್ನಿನ ಸದ್ದು, ಕಂಡಕ್ಟರ್ ಸೀಟಿ, ಪಕ್ಕದವರ ಮಾತು ಇವುಗಳ ನಡುವೆ ಒಂದೇ ವೇಗವನ್ನು ಹಿಡಿದಿಡುವುದು ಮನೆಯ ನಿಶ್ಶಬ್ದದಲ್ಲಿ ಹಿಡಿಯುವುದಕ್ಕಿಂತ ಕಷ್ಟ, ಆದ್ದರಿಂದಲೇ ಫಲ ಹೆಚ್ಚು. ಮೊಬೈಲಿನ ಮೆಟ್ರೋನೋಮನ್ನು ನಾಲ್ಕು ಆವರ್ತನ ಕೇಳಿ, ನಾಲ್ಕು ಆವರ್ತನ ಸದ್ದು ನಿಲ್ಲಿಸಿ, ಮತ್ತೆ ಕೇಳಿಸಿಕೊಂಡು ನೋಡಿ. ಓಡುವ ಸ್ವಭಾವದವರೋ ಎಳೆಯುವ ಸ್ವಭಾವದವರೋ ಎಂಬುದು ಕೆಲವೇ ದಿನಗಳಲ್ಲಿ ಸ್ಪಷ್ಟವಾಗುತ್ತದೆ.

ಲೆಕ್ಕಾಚಾರ ಇಷ್ಟಪಡುವವರು ತಿಹಾಯಿ ಕಟ್ಟಿ. ಒಂದೇ ತುಂಡನ್ನು ಮೂರು ಸಲ ಹೇಳಿ ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬಂದು ನಿಲ್ಲುವುದು ತಿಹಾಯಿ. ಸಮದಿಂದ ಹೊರಟು ಮುಂದಿನ ಸಮಕ್ಕೆ ಬೀಳಬೇಕಾದರೆ ತೀನ್‌ತಾಲದಲ್ಲಿ ಆ ಕೊನೆಯ ಪೆಟ್ಟನ್ನೂ ಸೇರಿಸಿ 17 ಮಾತ್ರೆ ತುಂಬಿಸಬೇಕು. 5 ಮಾತ್ರೆಯ ತುಂಡನ್ನು ಮೂರು ಸಲ ಹೇಳಿ ನಡುವೆ ಎರಡು ಕಡೆ ಒಂದೊಂದು ಮಾತ್ರೆ ಬಿಟ್ಟರೆ 15 ಮತ್ತು 2 ಸೇರಿ 17. 3 ಮಾತ್ರೆಯ ತುಂಡಾದರೆ ನಾಲ್ಕು ನಾಲ್ಕು ಮಾತ್ರೆ ಬಿಡಬೇಕು: 9 ಮತ್ತು 8. ಝಪ್‌ತಾಲದ 10ಕ್ಕೆ 11 ಬೇಕು, ಅಲ್ಲಿ 3 ಮಾತ್ರೆಯ ತುಂಡಿಗೆ ಒಂದೊಂದು ಮಾತ್ರೆಯ ಬಿಡುವು ಸರಿಹೋಗುತ್ತದೆ. ಕರ್ನಾಟಕಿಯವರು ಆದಿತಾಳದ ಒಂದು ಆವರ್ತನವನ್ನು ಅಕ್ಷರಕ್ಕೆ ನಾಲ್ಕರಂತೆ 32 ಎಂದಿಟ್ಟುಕೊಂಡು 8–4–8–4–8, 10–1–10–1–10, 6–7–6–7–6 ಎಂದು ಮುಕ್ತಾಯಗಳನ್ನು ಕಟ್ಟಬಹುದು. ತುಂಡು, ಬಿಡುವು ಸೇರಿ 32 ಆಗುತ್ತದೆ, ಹಾಡಿನ ಎಡುಪು (ಸಾಲು ಎತ್ತಿಕೊಳ್ಳುವ ಜಾಗ) ಅದರ ನಂತರ. ಕಾಗದದ ಮೇಲೆ ಕಟ್ಟಿ, ಬಾಯಿಂದ ಹೇಳಿ, ಕೈತಾಳದಲ್ಲಿ ಪರೀಕ್ಷಿಸಿ. ತಬಲಾ, ಮೃದಂಗದವರಿಗೆ ಬೋಲ್ ಹೇಳುವುದು ಮತ್ತು ಕೊನಗೋಲು (ಮೃದಂಗದ ಅಕ್ಷರಗಳನ್ನು ಬಾಯಲ್ಲಿ ಹೇಳುವುದು) ಮೂಲ ಸಾಧನೆಯೇ. ಅದಕ್ಕೆ ವಾದ್ಯ ಬೇಕಾಗಿಲ್ಲ.

ಹಂತ 5: ಮನಸ್ಸಿನಲ್ಲಿ ನುಡಿಸಿ

1995ರಲ್ಲಿ ನರವಿಜ್ಞಾನಿ ಅಲ್ವಾರೊ ಪಾಸ್ಕುವಲ್ ಲಿಯೋನೆ ಮತ್ತು ಸಂಗಡಿಗರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಪಿಯಾನೊ ಕಲಿಯದವರಿಗೆ ಐದು ಬೆರಳಿನ ಒಂದು ಸಣ್ಣ ಪಾಠವನ್ನು ಕೊಟ್ಟು, ಒಂದು ಗುಂಪು ದಿನಕ್ಕೆ 2 ಗಂಟೆಯಂತೆ 5 ದಿನ ನುಡಿಸಿತು, ಇನ್ನೊಂದು ಗುಂಪು ಅಷ್ಟೇ ಹೊತ್ತು ಬೆರಳಾಡಿಸದೆ ಮನಸ್ಸಿನಲ್ಲಿ ನುಡಿಸಿತು. ಬೆರಳನ್ನು ನಡೆಸುವ ಮೆದುಳಿನ ಭಾಗದಲ್ಲಿ ಎರಡೂ ಗುಂಪುಗಳಲ್ಲಿ ಒಂದೇ ಬಗೆಯ ಬದಲಾವಣೆ ಕಂಡಿತು. ಕೈಚಳಕದಲ್ಲಿ ಮನಸ್ಸಿನ ಗುಂಪು ಹಿಂದಿದ್ದರೂ, ಬಳಿಕ ಒಂದೇ ಒಂದು ಬಾರಿ 2 ಗಂಟೆ ನಿಜವಾಗಿ ನುಡಿಸಿದ ಮೇಲೆ ಮೊದಲ ಗುಂಪಿನ ಮಟ್ಟಕ್ಕೆ ಬಂದಿತು. ಮನಸ್ಸಿನ ಅಭ್ಯಾಸವನ್ನು ಸಮಾಧಾನದ ಮಾತು ಎಂದುಕೊಳ್ಳುವವರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಮಾಡುವ ರೀತಿ: ಎಂಟು ಸ್ವರ ಮೀರದ ಒಂದು ಸಾಲನ್ನು ಆರಿಸಿ, ಕಣ್ಣು ಮುಚ್ಚಿ ಮೊದಲು ಕೇಳಿಸಿಕೊಳ್ಳಿ. ಎರಡನೆಯ ಸಲ ವಾದ್ಯ ಕಾಣಲಿ. ಮೂರನೆಯ ಸಲ ಬೆರಳು ತಂತಿಗೆ ತಾಗಿದ್ದು, ಕಮಾನಿನ ಭಾರ, ಸಿತಾರ್ ಮೀಟುವ ಮಿಜರಾಬಿನ ಪೆಟ್ಟು, ಉಸಿರಿನ ತಿರುವು ಎಲ್ಲವೂ ಅನುಭವಕ್ಕೆ ಬರಲಿ. ಹಾರ್ಮೋನಿಯಂನವರು ಹೆಬ್ಬೆರಳು ಯಾವ ಸ್ವರದಲ್ಲಿ ಕೆಳಗೆ ನುಸುಳುತ್ತದೆ ಎಂಬುದನ್ನು ಕಾಣಬೇಕು. ಚಿತ್ರ ಮಸುಕಾದ ಕಡೆ ನಿಲ್ಲಿಸಿ, ವೇಗ ಅರ್ಧಕ್ಕೆ ಇಳಿಸಿ. ಮನಸ್ಸಿನಲ್ಲಿ ತಪ್ಪಾಗಿ ನುಡಿಸುತ್ತ ಹೋದರೆ ತಪ್ಪೇ ಗಟ್ಟಿಯಾಗುತ್ತದೆ. ಹತ್ತು ನಿಮಿಷಕ್ಕೆ ಮನಸ್ಸು ದಣಿಯುತ್ತದೆ, ಅಲ್ಲಿಗೆ ಬಿಡಿ.

ಕೈ ಚೆನ್ನಾಗಿದ್ದು ವಾದ್ಯವಿಲ್ಲದವರು ಗಟ್ಟಿ ಕಾಗದದ ಮೇಲೆ ಹಾರ್ಮೋನಿಯಂ ಮನೆಗಳನ್ನು ನಿಜವಾದ ಅಳತೆಯಲ್ಲಿ ಬರೆದುಕೊಂಡು ಬೆರಳಾಡಿಸಬಹುದು. ಕೊಳಲಿನವರು ಒಂದು ಕಡ್ಡಿಯ ಮೇಲೆ ರಂಧ್ರಗಳ ಗುರುತು ಹಾಕಿಕೊಂಡರೆ ಸಾಕು. ಹಾಸ್ಟೆಲ್‌ನಲ್ಲಿರುವವರಿಗೆ ಇದು ತುಂಬಾ ಅನುಕೂಲ.

ಹಂತ 6: ಪೆನ್ನು ಹಿಡಿದು ಕೇಳಿ

ಅಡುಗೆ ಮಾಡುತ್ತ ಕೇಳುವುದು ಸಂತೋಷಕ್ಕೆ ಸರಿ, ಸಾಧನೆಗೆ ಸಾಲದು. ವಾರಕ್ಕೆ ಒಂದು ರಾಗ, ಒಂದೇ ಧ್ವನಿಮುದ್ರಣ ಸಾಕು. ಒಮ್ಮೆ ರಾಗದ ನಡೆಗಾಗಿ, ಒಮ್ಮೆ ಲಯಕ್ಕಾಗಿ, ಒಮ್ಮೆ ಉಸಿರು ಎಲ್ಲಿ ತೆಗೆದುಕೊಂಡರು ಎಂಬುದಕ್ಕಾಗಿ, ಒಮ್ಮೆ ಸಾಥಿಯವರು (ಪಕ್ಕವಾದ್ಯದವರು) ಏನು ಮಾಡಿದರು ಎಂಬುದಕ್ಕಾಗಿ ಕೇಳಿ. ಭೂಪ್ ಮತ್ತು ದೇಶ್‌ಕಾರ್ ಅನ್ನು ಒಟ್ಟಿಗೆ ಇಟ್ಟುಕೊಂಡರೆ ಕಿವಿಗೆ ಒಳ್ಳೆಯ ಪರೀಕ್ಷೆ. ಸ ರಿ ಗ ಪ ಧ ಎಂಬ ಅದೇ ಐದು ಸ್ವರಗಳು. ಒಂದರಲ್ಲಿ ಗಾಂಧಾರ ಆಳುತ್ತದೆ, ಇನ್ನೊಂದರಲ್ಲಿ ಧೈವತ. ಅದನ್ನು ಯಾರೂ ಹೇಳದೆ ಗುರುತಿಸಲು ಬಂದ ದಿನ ನಿಮ್ಮ ಕಿವಿ ಒಂದು ತರಗತಿ ಮೇಲೇರಿದಂತೆ. ವಚನಗಳ ನಾಡಿನಲ್ಲಿ ಇರುವ ನಮಗೆ ಮಲ್ಲಿಕಾರ್ಜುನ ಮನ್ಸೂರರು ಹಾಡಿರುವ ವಚನಗಳೂ ಪಾಠಪುಸ್ತಕವೇ. ಮಾತಿನ ಅರ್ಥ ಕೆಡದೆ ರಾಗ ಹೇಗೆ ಬೆಳೆಯುತ್ತದೆ ಎಂದು ಗಮನಿಸಿ.

ಬಳಿಕ ಅರ್ಧ ನಿಮಿಷದ ತುಣುಕನ್ನು ಸ್ವರಲಿಪಿಗೆ ಇಳಿಸಿ. ಭಾತಖಂಡೆ ಪದ್ಧತಿಯಲ್ಲಿ ಕೋಮಲ ಸ್ವರಕ್ಕೆ ಕೆಳಗೆ ಗೆರೆ, ತೀವ್ರ ಮಧ್ಯಮಕ್ಕೆ ಮೇಲೆ ಲಂಬ ಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ. ಇಷ್ಟು ಗೊತ್ತಿದ್ದರೆ ಶುರು ಮಾಡಬಹುದು. ಮೊದಲ ಸಾಲಿಗೆ ಒಂದು ಸಂಜೆಯೇ ಹಿಡಿಯಬಹುದು, ಹಿಡಿಯಲಿ.

ಹಂತ 7: ಪಾಠಕ್ಕೆ ಹೋಗುವುದನ್ನು ನಿಲ್ಲಿಸಬೇಡಿ

ಕೈ ಕಟ್ಟಿಕೊಂಡೇ ಬನ್ನಿ ಎಂದು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ತಂಬೂರಿ ಮೀಟಬಹುದು, ತಾಳ ಹಾಕಬಹುದು, ಕಿರಿಯರ ಸರಳಿ ವರಿಸೆಯಲ್ಲಿ ಎಲ್ಲಿ ಸ್ವರ ತಗ್ಗಿತು ಎಂದು ಹೇಳಬಹುದು. ಬೇರೆಯವರ ತಪ್ಪನ್ನು ಕೇಳಿಸಿಕೊಳ್ಳುವ ಕಿವಿ ಮುಂದೆ ನಿಮ್ಮದನ್ನೂ ಕೇಳಿಸಿಕೊಳ್ಳುತ್ತದೆ. ಊರಿನ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು ಈಗ ಕೋರಸ್‌ನಲ್ಲಿ ಕುಳಿತು ಹಾಡಲಿ.

ಜೂನಿಯರ್, ಸೀನಿಯರ್ ಅಥವಾ ವಿದ್ವತ್ ಪರೀಕ್ಷೆಗೆ ಕಟ್ಟುವ ಯೋಚನೆಯಿದ್ದರೆ ಶಾಸ್ತ್ರದ ಭಾಗವನ್ನು ಈಗಲೇ ಮುಗಿಸಿ. ರಾಗಲಕ್ಷಣ, ತಾಳಾಂಗ, ವಾಗ್ಗೇಯಕಾರರ ವಿಷಯ ಇವನ್ನೆಲ್ಲ ಪರೀಕ್ಷೆಯ ಹಿಂದಿನ ವಾರ ಉರು ಹೊಡೆಯುವ ಅಭ್ಯಾಸ ನನಗೆ ಇಷ್ಟವಾಗುವುದಿಲ್ಲ. ಹಾಡುತ್ತ ಕಲಿತ ಲಕ್ಷಣ ಮರೆಯುವುದಿಲ್ಲ.

ಹಂತ 8: ದಿನದ ಲೆಕ್ಕ

ಇಷ್ಟೆಲ್ಲವನ್ನೂ ದಿನವೂ ಮಾಡಬೇಕಿಲ್ಲ. ಬೆಳಿಗ್ಗೆ 15 ನಿಮಿಷ ಸ್ವರ, ಹಗಲಿನಲ್ಲಿ ಸಿಕ್ಕ ಬಿಡುವಿನಲ್ಲಿ 10 ನಿಮಿಷ ತಾಳ, ಮಲಗುವ ಮುನ್ನ 10 ನಿಮಿಷ ಮನಸ್ಸಿನ ಅಭ್ಯಾಸ. ಕೇಳುವುದು, ಬರೆಯುವುದು ವಾರಕ್ಕೆ ಎರಡು ಸಂಜೆ. ನೋವಿನ ಮಾತ್ರೆಯಿಂದ ಮಂಪರು ಇದ್ದರೆ ಬರಿದೇ ಷಡ್ಜ ಹಿಡಿದು ಮಲಗಿ. ಪರೀಕ್ಷೆ ಹತ್ತಿರವಿರುವ ಮಕ್ಕಳಿಗೆ ತಾಳವೊಂದೇ ಸಾಕು, ಓದಿನ ನಡುವೆ ಎದ್ದು ಓಡಾಡುವಾಗ ಹಾಕಿದರಾಯಿತು. ಪೋಷಕರು ಅದನ್ನು ಸಮಯ ಹಾಳು ಎನ್ನದಿರಲಿ ಎಂದು ಕೇಳಿಕೊಳ್ಳುತ್ತೇನೆ.

ಹಂತ 9: ವಾದ್ಯಕ್ಕೆ ಮರಳುವುದು

ಇಲ್ಲಿ ಅವಸರ ಮಾಡಿ ಕೈ ಕೆಡಿಸಿಕೊಂಡವರಿದ್ದಾರೆ. ಪ್ಲಾಸ್ಟರ್ ಬಿಚ್ಚಿದ ಕೈ ಸಪೂರವಾಗಿ, ಬಿಗಿಯಾಗಿ ಇರುತ್ತದೆ. ವೈದ್ಯರು ಒಪ್ಪಿದ ಮೇಲೆ ಮೊದಲ ದಿನ 5 ನಿಮಿಷ ನುಡಿಸಿ ಇಡಿ. ಮರುದಿನ ಬೆಳಿಗ್ಗೆ ನೋವು, ಊತ ಇಲ್ಲದಿದ್ದರೆ ಅಷ್ಟೇ ಹೊತ್ತು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಎರಡು ಮೂರು ದಿನಕ್ಕೊಮ್ಮೆ ಐದೈದು ನಿಮಿಷ ಏರಿಸುತ್ತ ಹೋಗಿ. ನೋವು ಬಂದರೆ ಹಿಂದಿನ ಅವಧಿಗೆ ಇಳಿಯಿರಿ, ಹೋಗದಿದ್ದರೆ ವೈದ್ಯರಲ್ಲಿಗೆ ಹೋಗಿ.

ಪಿಟೀಲಿನವರು ತೆರೆದ ತಂತಿಯ ಮೇಲೆ ಉದ್ದ ಕಮಾನಿನಿಂದ ಆರಂಭಿಸಿ. ವೀಣೆ, ಸಿತಾರಿನವರ ಬೆರಳ ತುದಿ ಮೆತ್ತಗಾಗಿರುತ್ತದೆ, ಚರ್ಮ ಗಟ್ಟಿಯಾಗುವ ತನಕ ಮೀಂಡು, ಗಮಕದ ಎಳೆತ ಬೇಡ. ಗುಳ್ಳೆ ಎದ್ದರೆ ಒಡೆಯಬೇಡಿ, ಒಣಗಲು ಬಿಡಿ. ತಬಲಾದವರು ನಾ, ತಿಂ, ಗೆ ಎಂಬ ಬಿಡಿ ಅಕ್ಷರಗಳ ನಾದ ಶುದ್ಧವಾಗುವ ತನಕ ಕಾಯಿದೆ (ಬೋಲ್ ಹೆಣೆದು ಬೆಳೆಸುವ ತಬಲಾ ಪಾಠ) ಮುಟ್ಟಬೇಡಿ. ಕೊಳಲಿನವರು ಮಧ್ಯ ಸ್ಥಾಯಿಯಲ್ಲಿ ಉದ್ದ ಸ್ವರ ಊದಿ, ತುಟಿ ನಡುಗಿದ ಕೂಡಲೇ ನಿಲ್ಲಿಸಿ.

ಒಂದು ವಿಷಯಕ್ಕೆ ಸಿದ್ಧರಾಗಿರಿ. ಈ ಹಂತಗಳನ್ನು ನಿಷ್ಠೆಯಿಂದ ಮಾಡಿದ್ದರೆ ನಿಮ್ಮ ಕಿವಿ ಕೈಗಿಂತ ಬಹಳ ಮುಂದೆ ಹೋಗಿರುತ್ತದೆ. ಮೊದಲು ಸರಿಯೆನಿಸುತ್ತಿದ್ದ ನಿಷಾದ ಈಗ ಕೆಳಗಿದೆ ಎಂದು ಕೇಳುತ್ತದೆ, ಲಯದ ಸಣ್ಣ ತೊಡಕೂ ಚುಚ್ಚುತ್ತದೆ. ಹಲವರು ಇದನ್ನು ‘ನಾನು ಮೊದಲಿಗಿಂತ ಕೆಟ್ಟಿದ್ದೇನೆ’ ಎಂದು ತಿಳಿದು ಕಂಗೆಡುತ್ತಾರೆ. ಆ ದಿನಗಳಲ್ಲಿ ಐದು ನಿಮಿಷ ನುಡಿಸಿದ್ದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು, ಬಿಡುವಿಗೆ ಮೊದಲಿನ ಯಾವುದಾದರೂ ಮುದ್ರಣವಿದ್ದರೆ ಅದರ ಪಕ್ಕದಲ್ಲಿಟ್ಟು ಕೇಳಿ. ವೇಗ ಕಡಿಮೆಯಾಗಿರುವುದು ಕೇಳುತ್ತದೆ. ಹಳೆಯ ಮುದ್ರಣದಲ್ಲಿ ಆಗ ನಿಮಗೆ ಗೊತ್ತಾಗದಿದ್ದ ಶ್ರುತಿದೋಷಗಳೂ ಕೇಳುತ್ತವೆ.

ಹೊಸ ಪಾಠವನ್ನು ಹಳೆಯ ಎರಡು ಪಾಠಗಳು ಸಲೀಸಾದ ಮೇಲೆ ತೆಗೆದುಕೊಳ್ಳಿ. ಜಾತ್ರೆ, ಶಾಲಾ ವಾರ್ಷಿಕೋತ್ಸವ, ಮದುವೆ ಎಂದು ಯಾರೇ ಕರೆದರೂ ಒಂದು ಗಂಟೆಯ ಕಾರ್ಯಕ್ರಮವನ್ನು ಮನೆಯಲ್ಲಿ ನೋವಿಲ್ಲದೆ ನುಡಿಸಿ ಮುಗಿಸುವ ತನಕ ಒಪ್ಪಿಕೊಳ್ಳಬೇಡಿ. ಮೊದಲು ಭಜನೆಯಲ್ಲಿ ಎರಡು ಹಾಡಿಗೆ ಸಾಥಿ ಕೊಡಿ. ಮೂರನೆಯದಕ್ಕೆ ವಾದ್ಯವನ್ನು ಬೇರೊಬ್ಬರಿಗೆ ಕೊಟ್ಟು ಅಲ್ಲಿಯೇ ಕುಳಿತು ತಾಳ ಹಾಕಿ.